ಮೂರು ವರ್ಷದ ಪದವಿ, ಮೂವತ್ತು ವರ್ಷದ ದಾಖಲೆ

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ರಸ್ತೆಯಲ್ಲಿ ಸಖರಾಯಪಟ್ಟಣ ಹತ್ತಿರವಾಗುತ್ತಿದ್ದಂತೆ ಸೀಮೆಯ ಚಹರೆ ಬದಲಾಗುತ್ತದೆ. ಹಿಂದೆ ಉಳಿದದ್ದು ತೆಂಗು, ರಾಗಿ, ಹುರುಳಿಯ ಬಯಲು. ಎದುರಿಗೆ ಏಳುವುದು ಚಂದ್ರದ್ರೋಣ ಪರ್ವತದ ಸಾಲು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಗಡಿಯಲ್ಲಿ ಕುಳಿತ ಊರು ಇದು. ರಜಾ ದಿನಗಳಲ್ಲಿ ಈ ದಾರಿಯಾಗಿ ಬೈಕು, ಕಾರುಗಳಲ್ಲಿ ಕ್ಯಾಮೆರಾ ಹೊತ್ತು ಹೋಗುವ ಕಾಲೇಜು ಹುಡುಗ ಹುಡುಗಿಯರು ಕಡಿಮೆಯೇನಲ್ಲ. ಅವರ ಗುರಿ ಹೆಚ್ಚಾಗಿ ಪಶ್ಚಿಮದ ಕಡೆಗೇ: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮುತ್ತೋಡಿಯ ಕಾಡು. ದಾರಿಯ ಪಕ್ಕದ ಕೆರೆ, ಪೂರ್ವಕ್ಕೆ ಹರಡಿದ ಹುಲ್ಲುಗಾವಲು, ಊರ ಹಿಂದಿನ ಹಳ್ಳ ಇವ್ಯಾವುವೂ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ.

ಪರಿಸರದ ಬಗ್ಗೆ ಕಾಳಜಿ ಇರುವ ವಿದ್ಯಾರ್ಥಿಗಳು ಇಂದು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. ಅವರಲ್ಲಿ ಹಲವರಿಗೆ ಛಾಯಾಗ್ರಹಣದ ಹುಚ್ಚೂ ಇದೆ. ಕಾಲೇಜಿನ ಎನ್‌ಎಸ್‌ಎಸ್ ಘಟಕ ಒಂದು ಕಡೆ, ಪರಿಸರ ಹೋರಾಟ ಇನ್ನೊಂದು ಕಡೆ, ಕ್ಯಾಮೆರಾ ಹವ್ಯಾಸ ಮತ್ತೊಂದು ಕಡೆ ಎಂದು ಮೂರೂ ಬೇರೆ ಬೇರೆ ದಾರಿ ಹಿಡಿದಿವೆ. ಮೂರನ್ನೂ ಒಂದೇ ಜಾಗಕ್ಕೆ ತಂದು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಅಯ್ಯನಕೆರೆಯ ಪಾಠ

ಸಖರಾಯಪಟ್ಟಣದ ಸಮೀಪ, ಶಕುನಗಿರಿಯ ಮಗ್ಗುಲಲ್ಲಿ ಅಯ್ಯನಕೆರೆ ಇದೆ. ಇದನ್ನು ಕಟ್ಟಿಸಿದವನು ಸಖರಾಯಪಟ್ಟಣದ ರುಕ್ಮಾಂಗದರಾಯ ಎಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಕೆರೆ ಜೀರ್ಣೋದ್ಧಾರವಾಯಿತು. ಚಂದ್ರದ್ರೋಣದ ಪೂರ್ವದ ಇಳಿಜಾರಿನಿಂದ ಬರುವ ನೀರು ಇಲ್ಲಿ ತುಂಬಿ, ವೇದಾ ನದಿಯಾಗಿ ಸಖರಾಯಪಟ್ಟಣದ ಬಳಿ ಹಾದುಹೋಗುತ್ತದೆ. ಅದೇ ಗಿರಿಶ್ರೇಣಿಯ ಇನ್ನೊಂದು ಹಳ್ಳ ಮದಗದಕೆರೆಯನ್ನು ತುಂಬಿಸಿ ಅವತಿಯಾಗುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಗೆ ಹರಿಯುತ್ತವೆ.

ಈ ಕೆರೆಗೆ ಅಂಟಿಕೊಂಡ ಕಥೆಯೊಂದಿದೆ. ಕೆರೆ ಒಡೆಯುವ ಅಪಾಯವನ್ನು ಮೊದಲು ಅರಿತವನು ಕೆರೆಯ ಕಾವಲುಗಾರ ಹೊನ್ನಬಿಲ್ಲ. ಆ ಸುದ್ದಿಯನ್ನು ರಾಜನಿಗೆ ಮುಟ್ಟಿಸಿದವನೂ ಅವನೇ. ಕೊನೆಗೆ ಕೆರೆಯ ಉಳಿವಿಗಾಗಿ ಬಲಿಯಾದವನೂ ಅವನೇ. ಕೆರೆಗೆ ಆಹಾರವಾದವರ ಕಥೆಗಳು ನಮ್ಮ ನಾಡಿನಲ್ಲಿ ಹಲವಿವೆ. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬಲಿಗಿಂತ ಮೊದಲಿನ ಭಾಗ. ದಿನವೂ ಕೆರೆಯನ್ನು ನೋಡುತ್ತಿದ್ದವನಿಗೆ ಮಾತ್ರ ಏರಿಯಲ್ಲಿ ಆದ ಬದಲಾವಣೆ ಕಂಡಿತು. ಒಮ್ಮೆ ಬಂದು ಹೋಗುವವನಿಗೆ ಅದು ಕಾಣುವಂಥದ್ದಲ್ಲ.

ನೋಡಿದ್ದನ್ನು ಬರೆದಿಡುವುದಕ್ಕೆ ಎಂಥ ಬೆಲೆ ಇದೆ ಎಂಬುದಕ್ಕೆ ಅದೇ ವೇದಾವತಿಯ ಕೆಳಗಿನ ದಂಡೆಯಲ್ಲಿ ಇನ್ನೊಂದು ಉದಾಹರಣೆ ಇದೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಆಗ ಇಡೀ ಮಧ್ಯ ಕರ್ನಾಟಕ ಸಂಭ್ರಮಿಸಿತು. ಅಷ್ಟು ದೀರ್ಘ ಅವಧಿಯ ಬಗ್ಗೆ ಅಷ್ಟು ಖಚಿತವಾಗಿ ಮಾತನಾಡಲು ಸಾಧ್ಯವಾದದ್ದು ಹೇಗೆ? ಅಣೆಕಟ್ಟಿನ ನೀರಿನ ಮಟ್ಟವನ್ನು ತಲೆಮಾರುಗಳಿಂದ ಅಳೆದು ಬರೆದಿಟ್ಟಿದ್ದರಿಂದ. ಅದೇ ನದಿಯ ಮೇಲ್ಭಾಗದಲ್ಲಿರುವ ಸಣ್ಣ ಕೆರೆಗಳಿಗೆ ಆ ಭಾಗ್ಯವಿಲ್ಲ. ಒಂದು ಊರಿನ ಕಟ್ಟೆ ಯಾವ ವರ್ಷ ತುಂಬಿತ್ತು, ಹೂಳು ಯಾವಾಗ ತೂಬಿನ ಬಾಯಿಗೆ ಬಂತು, ಕೆರೆಯಂಗಳದಲ್ಲಿ ಅಡಿಕೆ ತೋಟ ಯಾವಾಗ ಎದ್ದಿತು ಎಂದು ಕೇಳಿದರೆ ಹಿರಿಯರ ನೆನಪಷ್ಟೇ ಉತ್ತರ. ಹಿರಿಯರು ಹೋದ ಮೇಲೆ ಆ ಉತ್ತರವೂ ಹೋಗುತ್ತದೆ. ವಿದ್ಯಾರ್ಥಿಯ ಕ್ಯಾಮೆರಾ ತುಂಬಬಹುದಾದ ಖಾಲಿ ಜಾಗ ಇದೇ.

ಚಿತ್ರ ಸಾಕ್ಷಿಯಾದ ಬಗೆ

ಚಿತ್ರಕ್ಕೆ ಅಷ್ಟು ಶಕ್ತಿ ಇದೆಯೇ ಎಂದು ಯಾರಾದರೂ ಕೇಳಿದರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಅಣೆಕಟ್ಟೆಯ ಮೇಲೆ ನಿಂತು ಉತ್ತರ ಹೇಳಬಹುದು. ಅಲ್ಲಿ ತುಂಬಿ ನಿಲ್ಲುವ ಭದ್ರಾ ನದಿ ಹುಟ್ಟುವುದು ಕುದುರೆಮುಖದ ಸೀಮೆಯಲ್ಲಿ. 1969ರಲ್ಲಿ 30 ವರ್ಷಗಳಿಗೆ ಸಿಕ್ಕಿದ ಗುತ್ತಿಗೆಯ ಮೇಲೆ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ವಿಪರೀತ ಮಳೆ ಬೀಳುವ ಆ ಬೆಟ್ಟಗಳನ್ನು ಅಗೆದಾಗ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿತ್ತು. 1999ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ ಎದ್ದಿತು.

ಹೋರಾಟಗಾರರು ಘೋಷಣೆಯನ್ನಷ್ಟೇ ನಂಬಿಕೊಳ್ಳಲಿಲ್ಲ. ವಿಜ್ಞಾನಿಗಳು ಮಳೆಗಾಲದಲ್ಲಿ ನದಿಯ ನೀರಿನಲ್ಲಿದ್ದ ಹೂಳನ್ನು ಅಳೆದರು. ಚೆನ್ನೈನ ವನ್ಯಜೀವಿ ಚಿತ್ರನಿರ್ಮಾಪಕ ಶೇಖರ್ ದತ್ತಾತ್ರಿ 2001ರಲ್ಲಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರ ಮಾಡಿದರು. ಅಗೆದ ಗುಡ್ಡ, ಕೆಂಪಾದ ನದಿ ಆ ಚಿತ್ರದಲ್ಲಿ ಕಣ್ಣಿಗೆ ಕಟ್ಟುವಂತೆ ಬಂದವು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ದುಡಿದಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಳತೆ, ಚಿತ್ರ, ಕಾನೂನು ಈ ಮೂರೂ ಕೈಜೋಡಿಸಿದಾಗ ಎಂಥ ದೊಡ್ಡ ಯಂತ್ರವೂ ನಿಲ್ಲಬಹುದು ಎಂದು ನಮ್ಮ ಜಿಲ್ಲೆಯೇ ದೇಶಕ್ಕೆ ತೋರಿಸಿತು.

ಚಿತ್ರ ಎಣಿಕೆಯ ಸಾಧನವೂ ಆಗಬಲ್ಲದು. ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಕಾಡಿನ ಸೆಳೆತ ಅವರನ್ನು ವನ್ಯಜೀವಿ ವಿಜ್ಞಾನಕ್ಕೆ ಕರೆದೊಯ್ದಿತು. 1990ರ ದಶಕದಲ್ಲಿ ಅವರು ನಾಗರಹೊಳೆಯ ಹಾದಿಗಳಲ್ಲಿ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾಗಳನ್ನು ಕಟ್ಟಿ, ಮೈಪಟ್ಟೆಯಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಬೆಳೆಸಿದರು. ಆ ಚಿತ್ರಗಳು ಪ್ರದರ್ಶನಕ್ಕಾಗಿ ತೆಗೆದವಲ್ಲ. ಎಷ್ಟೋ ಚಿತ್ರಗಳಲ್ಲಿ ಹುಲಿಯ ಮುಖವೇ ಇರುವುದಿಲ್ಲ. ಮಗ್ಗುಲಿನ ಪಟ್ಟೆ ಸ್ಪಷ್ಟವಾಗಿದ್ದರೆ ಸಾಕು, ಆ ಚಿತ್ರ ತನ್ನ ಕೆಲಸ ಮಾಡಿದಂತೆ.

ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆ ನಿಂತ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾವನ್ನು ಇನ್ನೊಂದು ರೀತಿಯಲ್ಲಿ ಬಳಸಿದರು. ತೋಟದ ಸುತ್ತಲಿನ ಹಕ್ಕಿಗಳನ್ನೇ ವರ್ಷಗಟ್ಟಲೆ ಹಿಂಬಾಲಿಸಿದರು. ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದು, ಹಳ್ಳಿಯ ಹುಡುಗರ ಕೈಗೂ ಪಕ್ಷಿಲೋಕ ಸಿಗುವಂತೆ ಮಾಡಿದರು. ಮೈಸೂರಿನ ಕೃಪಾಕರ ಮತ್ತು ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಳನ್ನೇ ಕಳೆದರು. ಆ ತಾಳ್ಮೆಯಿಂದ ಹುಟ್ಟಿದ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಬಂತು. ಇವರೆಲ್ಲರ ಕೆಲಸದಲ್ಲೂ ಇರುವ ಸಮಾನ ಗುಣ ಒಂದೇ: ಜಾಗವನ್ನೋ ಜೀವಿಯನ್ನೋ ಆರಿಸಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಹೋದದ್ದು.

ಕಾವಲು ಖಾಲಿ ಜಾಗವಲ್ಲ

ಈಗ ಪೂರ್ವಕ್ಕೆ ತಿರುಗೋಣ. ಕಡೂರು, ಅಜ್ಜಂಪುರದ ಕಡೆ ಅಲ್ಲಲ್ಲಿ ಅಮೃತ ಮಹಲ್ ಕಾವಲುಗಳು ಉಳಿದಿವೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಟಿಪ್ಪುವಿನ ಕಾಲಕ್ಕೆ ಅದು ‘ಅಮೃತ ಮಹಲ್’ ಆಯಿತು. ಸೈನ್ಯದ ಸರಂಜಾಮು ಎಳೆಯುವ ಗಟ್ಟಿ ಎತ್ತುಗಳನ್ನು ಬೆಳೆಸಲು ಕಾದಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ತೆಳ್ಳನೆಯ ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಈ ತಳಿಯ ಸಂವರ್ಧನೆ ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ನಡೆಯುತ್ತಿದೆ.

ದನಗಳಿಗೆಂದು ಉಳಿಸಿದ ಹುಲ್ಲು ಕಾಡುಪ್ರಾಣಿಗಳನ್ನೂ ಉಳಿಸಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳಿವೆ. ಸುಮಾರು 7.36 ಚದರ ಕಿಲೋಮೀಟರಿನ ಈ ಜಾಗವನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ತೋಳ, ನರಿ, ನೆಲಗುಬ್ಬಿಗಳಿಗೆ ಇಂಥ ಬಯಲೇ ಮನೆ. ಚಳಿಗಾಲದಲ್ಲಿ ದೂರದ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ (ಹ್ಯಾರಿಯರ್) ಹಕ್ಕಿಗಳು ಹಗಲೆಲ್ಲ ತಗ್ಗಿನಲ್ಲಿ ಹಾರಿ ಬೇಟೆಯಾಡಿ, ಸಂಜೆ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುತ್ತವೆ. ಮರವಿದ್ದರೆ ಅವಕ್ಕೆ ಅನುಕೂಲವೆಂದು ನಾವು ಭಾವಿಸಬಹುದು. ಅವಕ್ಕೆ ಬೇಕಾದದ್ದು ಮರವಿಲ್ಲದ ಬಯಲು.

ಕಾಲೇಜುಗಳ ಪರಿಸರ ಚಟುವಟಿಕೆ ಎಡವುವುದು ಇಲ್ಲಿಯೇ. ಜೂನ್ 5 ಬಂತೆಂದರೆ ಸಸಿ ನೆಡುವುದು, ಫೋಟೊ ತೆಗೆಸಿಕೊಳ್ಳುವುದು ವಾಡಿಕೆ. 1950ರಲ್ಲಿ ಕೆ.ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವದಿಂದ ಇಂದಿನವರೆಗೆ ‘ಪರಿಸರ ಎಂದರೆ ಮರ’ ಎಂಬ ಪಾಠ ನಮ್ಮಲ್ಲಿ ಬೇರೂರಿದೆ. ಊರಿನಲ್ಲಿ, ರಸ್ತೆಯ ಬದಿಯಲ್ಲಿ, ಕಡಿದ ಕಾಡಿನಲ್ಲಿ ಅದು ಒಳ್ಳೆಯ ಪಾಠವೇ. ಕಾವಲಿನ ಮಟ್ಟಿಗೆ ಅದು ತಪ್ಪು ಪಾಠ. ಹುಲ್ಲುಗಾವಲಿನ ನಡುವೆ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಟ್ಟರೆ ನೆರಳಿಗೆ ಹುಲ್ಲು ಸೊರಗುತ್ತದೆ. ಹುಲ್ಲು ಹೋದರೆ ಕೃಷ್ಣಮೃಗಕ್ಕೂ ಕುರಿಗಾಹಿಗೂ ಜಾಗವಿಲ್ಲ. ಸರ್ಕಾರಿ ಕಡತಗಳಲ್ಲಿ ಇಂಥ ಬಯಲು ‘ಪಾಳುಭೂಮಿ’ ಎಂದು ದಾಖಲಾಗುವುದೂ ಉಂಟು. ಪಾಳು ಎಂದು ಬರೆದ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವುದು ಸುಲಭ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದದ್ದನ್ನು, ಅದರ ವಿರುದ್ಧ ಅಲ್ಲಿನ ದನಗಾಹಿಗಳು ಹೋರಾಡಿದ್ದನ್ನು ನಾವು ನೋಡಿದ್ದೇವೆ.

ಹಾಗಾಗಿ ಕಾವಲಿನ ಚಿತ್ರ ತೆಗೆಯುವುದು ದೊಡ್ಡ ಕೆಲಸ. ಬೇಸಿಗೆಯಲ್ಲಿ ಬೋಳಾಗಿ ಕಾಣುವ ನೆಲ ಮುಂಗಾರಿನ ನಂತರ ಹೇಗೆ ಹಸಿರಾಗುತ್ತದೆ, ಕಾರ್ತಿಕದಲ್ಲಿ ಹೇಗೆ ತೆನೆಗಟ್ಟುತ್ತದೆ, ಯಾವ ತಿಂಗಳು ಯಾವ ಹಕ್ಕಿ ಬರುತ್ತದೆ, ಯಾವ ಕುರುಬರ ಮಂದೆ ಯಾವ ದಾರಿಯಲ್ಲಿ ಹಾಯುತ್ತದೆ ಎಂಬುದನ್ನು ಹನ್ನೆರಡು ತಿಂಗಳ ಹನ್ನೆರಡು ಚಿತ್ರಗಳಲ್ಲಿ ತೋರಿಸಿದರೆ ‘ಪಾಳು’ ಎಂಬ ಮಾತು ತಾನಾಗಿ ಬಿದ್ದುಹೋಗುತ್ತದೆ.

ಹತ್ತಿರ ಹೋದಷ್ಟೂ ಹೊಣೆ ಹೆಚ್ಚು

ಕ್ಯಾಮೆರಾ ಕಾಯುವುದಷ್ಟೇ ಅಲ್ಲ, ಕೆಡಿಸಲೂ ಬಲ್ಲದು. ಭದ್ರಾ ಹಿನ್ನೀರಿನ ಮಟ್ಟ ಇಳಿಯುವ ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿನ ನಡುಗಡ್ಡೆಗಳು ಮೇಲೇಳುತ್ತವೆ. ಆಗ ರೀವ (ರಿವರ್ ಟರ್ನ್) ಹಕ್ಕಿಗಳು ಗುಂಪುಗುಂಪಾಗಿ ಬಂದು ಬರಿಯ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡೆಂಬುದು ಹೆಸರಿಗಷ್ಟೇ. ದೋಣಿ ತೀರಾ ಹತ್ತಿರ ಹೋದರೆ ತಾಯಿ ಹಕ್ಕಿ ಹಾರುತ್ತದೆ. ಬಿಸಿಲಿಗೆ ಬಿದ್ದ ಮೊಟ್ಟೆ ಕಾಯುತ್ತದೆ. ಕಾಗೆ, ಹದ್ದುಗಳಿಗೆ ದಾರಿ ಸುಲಭವಾಗುತ್ತದೆ. ಆ ಹೊತ್ತಿನಲ್ಲಿ ಹಾರುವ ಹಕ್ಕಿಗಳ ಚಿತ್ರ ಬಹಳ ಚೆನ್ನಾಗಿ ಬರುತ್ತದೆ. ಅದಕ್ಕೆ ಮೊಟ್ಟೆಗಳು ತೆತ್ತ ಬೆಲೆ ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ.

2022ರಲ್ಲಿ ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿದಾಗಲೂ ಹೀಗೇ ಆಯಿತು. ಜಾಲತಾಣಗಳಲ್ಲಿ ನೀಲಿ ಬೆಟ್ಟದ ಚಿತ್ರ ಹರಡಿದ್ದೇ ತಡ, ಗಿರಿಯ ಕಿರಿದಾದ ರಸ್ತೆಗಳಲ್ಲಿ ವಾಹನಗಳ ಸಾಲು ನಿಂತಿತು. ವರ್ಷಗಟ್ಟಲೆ ಕಾದು ಒಮ್ಮೆ ಅರಳಿ, ಬೀಜ ಉದುರಿಸಿ ಸಾಯುವ ಗಿಡ ಅದು. ಹೂವಿನ ನಡುವೆ ನಿಂತು ತುಳಿದರೆ, ಕಿತ್ತು ತಂದರೆ, ಮುಂದಿನ ತಲೆಮಾರಿನ ಬೀಜವನ್ನೇ ತುಳಿದಂತೆ.

ಹವ್ಯಾಸಿ ಛಾಯಾಗ್ರಾಹಕ ವಿದ್ಯಾರ್ಥಿ ಪಾಲಿಸಬೇಕಾದ ನಿಯಮಗಳು ಸರಳ. ಗೂಡಿನ ಬಳಿ ಹೋಗಬಾರದು. ಹಕ್ಕಿಯನ್ನು ಎಬ್ಬಿಸಬಾರದು. ಅಪರೂಪದ ಜೀವಿ ಕಂಡರೆ ಅದರ ನಿಖರ ಜಾಗವನ್ನು ಜಾಲತಾಣದಲ್ಲಿ ಹಾಕಬಾರದು. ಭದ್ರಾ ಹುಲಿ ಮೀಸಲು ಪ್ರದೇಶದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು. ತೋಳದ ಗುಹೆ ಎಲ್ಲಿದೆ ಎಂಬ ಮಾಹಿತಿ ಕುರಿ ಕಳೆದುಕೊಂಡು ನೊಂದವರ ಕೈಗೂ ಸಿಗಬಹುದು ಎಂಬ ಎಚ್ಚರ ಇರಬೇಕು.

ಮನುಷ್ಯರ ವಿಷಯದಲ್ಲೂ ಇದೇ ಮರ್ಯಾದೆ ಬೇಕು. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2000ದ ದಶಕದ ಆರಂಭದಲ್ಲಿ ಹೊರಗೆ ಬಂದವು. ಅವರಲ್ಲಿ ಬಹುಪಾಲು ಜನ ನೆಲೆಸಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ದೇಶದಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಪುನರ್ವಸತಿಗಳಲ್ಲಿ ಇದೂ ಒಂದು. ಚಿಕ್ಕಮಗಳೂರಿನ ಡಿ.ವಿ. ಗಿರೀಶ್ ಅವರಂಥ ವನ್ಯಜೀವಿ ಕಾರ್ಯಕರ್ತರು ಆ ಜನರ ಜೊತೆ ನಿಂತು ದುಡಿದದ್ದು ಅದರ ಯಶಸ್ಸಿಗೆ ನೆರವಾಯಿತು. ಕಾಡನ್ನು ಉಳಿಸುವ ಮಾತು ಆಡುವವರು ಕಾಡು ಬಿಟ್ಟು ಬಂದವರ ಅಂಗಳದಲ್ಲೂ ಕೂತು ಕೇಳಬೇಕು. ಕ್ಯಾಮೆರಾ ಆಮೇಲೆ ಹೊರಗೆ ತೆಗೆದರಾಯಿತು.

ಕಾಲೇಜು ಮಾಡಬಹುದಾದದ್ದು

ಒಬ್ಬ ವಿದ್ಯಾರ್ಥಿ ಪದವಿ ಕಾಲೇಜಿನಲ್ಲಿ ಇರುವುದು ಮೂರು ವರ್ಷ. ಕೆರೆಯಲ್ಲಿ ಹೂಳು ತುಂಬುವುದಕ್ಕೆ, ಕಾವಲು ಸವೆಯುವುದಕ್ಕೆ ಮೂವತ್ತು ವರ್ಷ ಬೇಕು. ಎಷ್ಟೇ ಶ್ರದ್ಧೆಯ ಹುಡುಗಿಯಾಗಲಿ ಹುಡುಗನಾಗಲಿ ಒಬ್ಬರೇ ಆ ಬದಲಾವಣೆಯನ್ನು ಹಿಡಿದಿಡಲಾರರು. ವಿದ್ಯಾರ್ಥಿ ಹೋಗುತ್ತಾನೆ, ಕಾಲೇಜು ಉಳಿಯುತ್ತದೆ. ಒಂದು ತಂಡದ ಕೆಲಸವನ್ನು ಮುಂದಿನ ತಂಡಕ್ಕೆ ದಾಟಿಸುವ ಶಕ್ತಿ ಇರುವುದು ಸಂಸ್ಥೆಗೆ ಮಾತ್ರ. ಕಾಲೇಜಿನ ಚಟುವಟಿಕೆಯಲ್ಲಿ ತೊಡಗಿಕೊಳ್ಳುವುದಕ್ಕೆ ನಿಜವಾದ ಅರ್ಥ ಬರುವುದು ಇಲ್ಲಿ.

ಇದಕ್ಕೆ ಬೇಕಾದ ಚೌಕಟ್ಟು ಈಗಾಗಲೇ ಇದೆ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಸ್ವಯಂಸೇವಕ ವರ್ಷಕ್ಕೆ 120 ಗಂಟೆ ದುಡಿಯಬೇಕು; ಏಳು ದಿನಗಳ ವಿಶೇಷ ಶಿಬಿರವೂ ಇದೆ. 1991ರ ಸುಪ್ರೀಂ ಕೋರ್ಟ್ ಆದೇಶದ ಫಲವಾಗಿ ಪರಿಸರ ಅಧ್ಯಯನ ಪದವಿ ತರಗತಿಗಳಿಗೆ ಕಡ್ಡಾಯ ಪಠ್ಯವಾಗಿ ಬಂತು. ಲಕ್ಕವಳ್ಳಿಗೆ ಹತ್ತಿರದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಅಧ್ಯಯನಕ್ಕೇ ಒಂದು ವಿಭಾಗವಿದೆ. ದಾರಿ ತೋರಿದವರೂ ಇದ್ದಾರೆ. 1990ರ ದಶಕದಲ್ಲಿ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಜೊತೆಗೂಡಿಸಿ ಜೀವವೈವಿಧ್ಯವನ್ನು ದಾಖಲಿಸುವ ಜಾಲ ಕಟ್ಟಿದ್ದರು. ಇಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯ ಹಿಂದೆ ಅಂಥ ಪ್ರಯತ್ನಗಳ ಅನುಭವವಿದೆ.

ಕೆಲಸದ ಕ್ರಮ ಹೀಗಿರಬಹುದು. ಕಾಲೇಜಿಗೆ ಹತ್ತಿರದ ಒಂದು ಕೆರೆ, ಒಂದು ಕಾವಲು ಅಥವಾ ಹಳ್ಳವನ್ನು ಆರಿಸಿಕೊಳ್ಳಬೇಕು. ಏರಿಯ ಮೇಲೆ, ತೂಬಿನ ಬಳಿ, ಕೋಡಿಯ ಪಕ್ಕ ತಲಾ ಒಂದು ಜಾಗ ಗುರುತು ಹಾಕಬೇಕು. ಪ್ರತಿ ತಿಂಗಳೂ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ದಿಕ್ಕಿಗೆ ನಿಂತು ಚಿತ್ರ ತೆಗೆಯಬೇಕು. ಕದಲದ ಗುರುತೊಂದು, ಗುಡ್ಡದ ಸಾಲೋ ತೂಬಿನ ಕಂಬವೋ, ಪ್ರತಿ ಚಿತ್ರದಲ್ಲೂ ಇರಬೇಕು. ಹೋಲಿಸಲು ಆಧಾರ ಅದೇ. ಇದಕ್ಕೆ ಲಕ್ಷ ರೂಪಾಯಿಯ ಲೆನ್ಸ್ ಬೇಡ, ಕೈಯಲ್ಲಿರುವ ಮೊಬೈಲೇ ಸಾಕು. ಚಿತ್ರದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಮಳೆ ಬಂದಿತ್ತೇ, ನೀರು ಎಲ್ಲಿಯವರೆಗೆ ಇದೆ, ಯಾವ ಹಕ್ಕಿ ಎಷ್ಟು ಎಂದು ಬರೆಯಬೇಕು. ಹಕ್ಕಿಯ ಲೆಕ್ಕವನ್ನು ಇ-ಬರ್ಡ್‌ಗೆ ಸೇರಿಸಬಹುದು. ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಕ್ಯಾಂಪಸ್ ಪಕ್ಷಿ ಗಣತಿಯಲ್ಲಿ ಕಾಲೇಜಿನ ಆವರಣವನ್ನೂ ಸೇರಿಸಬಹುದು. ವರ್ಷದ ಕೊನೆಗೆ ಎಲ್ಲ ಚಿತ್ರಗಳೂ ನೋಟ್‌ಬುಕ್ಕೂ ಕಾಲೇಜಿನ ಗ್ರಂಥಾಲಯಕ್ಕೆ ಹೋಗಬೇಕು, ಒಬ್ಬ ವಿದ್ಯಾರ್ಥಿಯ ಮೊಬೈಲಿನಲ್ಲಿ ಉಳಿದುಹೋಗಬಾರದು.

ಅರ್ಜಿಗೆ ಆಧಾರ

ಇಂಥ ದಾಖಲೆ ಕೈಯಲ್ಲಿದ್ದಾಗ ಹೋರಾಟದ ಸ್ವರೂಪವೇ ಬದಲಾಗುತ್ತದೆ. ‘ಕೆರೆ ಒತ್ತುವರಿಯಾಗಿದೆ’ ಎಂದು ಕೂಗಿದರೆ ಎದುರಿನವರು ‘ಇಲ್ಲ’ ಎನ್ನಬಹುದು. ಮೂರು ವರ್ಷದ ಹಿಂದೆ ಇದೇ ಜಾಗದಿಂದ ತೆಗೆದ ಚಿತ್ರ, ಇಂದಿನ ಚಿತ್ರ, ಜೊತೆಗೆ ಸರ್ವೆ ನಕ್ಷೆ ಇಟ್ಟು ಮಾತನಾಡಿದರೆ ಉತ್ತರ ಕೊಡುವುದು ಅನಿವಾರ್ಯ. ನಕ್ಷೆ, ಪಹಣಿಗಳನ್ನು ಕಂದಾಯ ಇಲಾಖೆಯಿಂದ ಪಡೆಯಬಹುದು. ಕಡತಗಳಿಗಾಗಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕೆರೆಗಳ ರಕ್ಷಣೆಗೆಂದೇ 2014ರಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆ ತಂದಿದೆ. ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಹದಿನೆಂಟು ತುಂಬಿದ ಪ್ರತಿ ಮತದಾರನಿಗೂ ಇದೆ, ವಿದ್ಯಾರ್ಥಿಗೂ ಇದೆ.

ಚಿತ್ರ ನ್ಯಾಯಾಲಯದವರೆಗೆ ಹೋಗಬೇಕಾದರೆ ಅದನ್ನು ಕಾಪಾಡುವ ರೀತಿಯೂ ಮುಖ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯನ್ನು ಸಾಕ್ಷಿಯಾಗಿ ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಆದ್ದರಿಂದ ಮೂಲ ಫೈಲನ್ನು ತಿದ್ದದೆ ಹಾಗೆಯೇ ಇಡಬೇಕು. ಬಣ್ಣ ಹೆಚ್ಚಿಸಿದ, ಕತ್ತರಿಸಿದ ಪ್ರತಿ ಬೇರೆ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ವಿವರವೂ ಅಳಿಸಿಹೋಗುತ್ತದೆ. ಸೌಂದರ್ಯಕ್ಕೆ ಪ್ರಶಸ್ತಿ ಕೊಡುವ ಸ್ಪರ್ಧೆಗೆ ಈ ವಿವರಗಳು ಮುಖ್ಯವಲ್ಲದಿರಬಹುದು. ಕೆರೆಯ ಪರವಾಗಿ ನಿಲ್ಲುವ ಚಿತ್ರಕ್ಕೆ ಇವೇ ಪ್ರಾಣ.

ಚೆಂದದ ಚಿತ್ರ ತೆಗೆಯಬಾರದೆಂದು ಇದರ ಅರ್ಥವಲ್ಲ. ಕಾವಲಿನ ಹುಲ್ಲಿನ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಕೃಷ್ಣಮೃಗವೊಂದು ನೆಗೆದರೆ ಯಾರ ಬೆರಳೂ ಸುಮ್ಮನಿರದು, ಇರಲೂಬಾರದು. ಆ ಸಂತೋಷದಿಂದಲೇ ಹವ್ಯಾಸ ಬೆಳೆಯುತ್ತದೆ, ಪ್ರೀತಿ ಹುಟ್ಟುತ್ತದೆ. ಪ್ರೀತಿ ಹುಟ್ಟಿದ ಜಾಗಕ್ಕೆ ಮರಳಿ ಹೋಗುವ ಶಿಸ್ತನ್ನು ಕಲಿಸುವುದು ಕಾಲೇಜಿನ ಕೆಲಸ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ, ಸಖರಾಯಪಟ್ಟಣದ ಕಾಲೇಜುಗಳು ತಲಾ ಒಂದು ಕೆರೆಯನ್ನೋ ಕಾವಲನ್ನೋ ತಮ್ಮದೆಂದು ಆರಿಸಿಕೊಂಡರೆ, ವೇದಾವತಿಯ ಮೇಲ್ಸೀಮೆಗೆ ಇಂದು ಇಲ್ಲದ ದಾಖಲೆಯೊಂದು ಹತ್ತು ವರ್ಷಗಳಲ್ಲಿ ಸಿದ್ಧವಾಗುತ್ತದೆ. ಅದಕ್ಕೆ ಸರ್ಕಾರದ ಅನುದಾನಕ್ಕಾಗಿ ಕಾಯಬೇಕಿಲ್ಲ, ಹೊಸ ಸಂಘ ಕಟ್ಟಬೇಕಿಲ್ಲ. ಒಬ್ಬ ಆಸಕ್ತ ಅಧ್ಯಾಪಕ, ಹತ್ತು ವಿದ್ಯಾರ್ಥಿಗಳು, ಒಂದು ನೋಟ್‌ಬುಕ್ ಇದ್ದರೆ ಈ ಜೂನ್ ತಿಂಗಳಲ್ಲೇ, ಸಸಿ ನೆಡುವ ದಿನದಂದೇ, ಮೊದಲ ಚಿತ್ರ ತೆಗೆಯಬಹುದು. ಎರಡನೆಯ ಚಿತ್ರ ಜುಲೈನಲ್ಲಿ ತೆಗೆದಾಗ ಅದು ದಾಖಲೆಯಾಗಲು ಶುರುವಾಗುತ್ತದೆ.